ಭಾವನ ಕರೀ ಸಾರು

ನಮ್ಮ ಭಾವನ ಮನೆಯಲ್ಲಿ ಊಟ ಮಾಡಿ ಕೈ ತೊಳೆಯುವಾಗ ‘ಚೆನ್ನಾಗಿತ್ತು’ ಎಂದವರನ್ನು ಅವರು ಎರಡನೇ ಸಲ ಊಟಕ್ಕೆ ಕರೆದದ್ದಿಲ್ಲ. ‘ಅಷ್ಟೇನೂ ಹಿಡಿಸಲಿಲ್ಲ’ ಎಂದವರನ್ನು ಮುಂದಿನ ಭಾನುವಾರವೇ ಕರೆದಿದ್ದಾರೆ. ನಂಬದಿದ್ದರೆ ನನ್ನ ಹೆಂಡತಿಯನ್ನು ಕೇಳಬಹುದು. ಕೇಳುವಾಗ ಸ್ವಲ್ಪ ದೂರ ನಿಂತು ಕೇಳುವುದು ಒಳ್ಳೆಯದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಇರುವ ಮನೆತನದವರು. ಈಗ ಅವರ ಮನೆಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ಬಟ್ಟೆ ಒಣಗಿಸಲು ಬಿಸಿಲನ್ನು ಮೂರನೇ ಮಹಡಿಗೆ ಹೋಗಿ ಹುಡುಕಬೇಕಾಗಿದೆ. ಆ ಮನೆಯ ಮೊದಲ ಮಹಡಿಯ ಹಾಲಿನಲ್ಲಿ ಒಂದು ಉದ್ದನೆಯ ಮೇಜು ಹಾಕಿ, ಭಾನುವಾರ ಮಧ್ಯಾಹ್ನ ಅಪರಿಚಿತರನ್ನೆಲ್ಲ ಕೂರಿಸಿಕೊಂಡು, ಭಾವ ಮೆಕ್ಸಿಕೋ ದೇಶದ ಊಟ ಬಡಿಸುತ್ತಾರೆ. ಬರುವವರು ಅಕ್ಕನಿಗೆ ಮೊದಲೇ ಫೋನ್ ಮಾಡಿ ಹೇಳಿರಬೇಕು. ಎಷ್ಟು ಕೊಡಬೇಕು ಎಂಬುದೆಲ್ಲ ಅಕ್ಕನ ಖಾತೆ, ಅದರ ಬಗ್ಗೆ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇಲ್ಲಿ ಬರೆಯುವಷ್ಟು ಧೈರ್ಯವಿಲ್ಲ.

‘ಮೆಕ್ಸಿಕೋ ಊಟ’ ಎಂದು ಬರೆದೆನಲ್ಲ, ಇದನ್ನು ಭಾವ ಓದಿದರೆ ನನಗೂ ಕರೆ ನಿಂತಂತೆ. “ಮೆಕ್ಸಿಕನ್ ಊಟ ಅಂತ ಯಾವ್ದೂ ಇಲ್ಲ ಕಣಯ್ಯಾ. ಇಂಡಿಯನ್ ಊಟ ಅಂತ ಐತಾ? ಬಿಜಾಪುರದೋನಿಗೆ ನೀರ್ದೋಸೆ ಕೊಟ್ಟು ‘ತಗೋ ನಿಮ್ಮೂರ ತಿಂಡಿ’ ಅಂದ್ರೆ ಒಪ್ತಾನಾ?” ಅವರು ಮಾಡುವುದು ಆ ದೇಶದ ದಕ್ಷಿಣದಲ್ಲಿರುವ ವಹಾಕಾ ಎಂಬ ಸೀಮೆಯ ಅಡುಗೆ. ಫೋನಿನಲ್ಲಿ ಯಾರಾದರೂ ಚೀಸ್ ಹಾಕಿದ ನಾಚೋಸ್ ಸಿಗುತ್ತಾ ಎಂದು ಕೇಳಿದರೆ, “ಅದು ಸಿನಿಮಾ ಥಿಯೇಟರಲ್ಲಿ ಸಿಗ್ತದೆ, ಇಂಟರ್ವಲ್ ಟೈಮಲ್ಲಿ ಓಗಿ” ಎಂದು ಹಿಂದಿನಿಂದ ಕೂಗುತ್ತಾರೆ. ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, “ಬನ್ನಿ ಬನ್ನಿ, ಅವರು ಟಿವಿ ಜೊತೆ ಮಾತಾಡ್ತಿದಾರೆ” ಎನ್ನುತ್ತಾಳೆ.

ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಅವಳು ಮೊದಲ ಸಲ ಹೋದಾಗ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಮಾಲೆ ಎಂಬ ಕಡುಬನ್ನು ಬಡಿಸಿದರು. ಅದನ್ನು ತಿಂದು, ಸಂಬಂಧದ ಮನೆಯಲ್ಲಿ ಯಾರಾದರೂ ಹೇಳುವಂತೆ, “ತುಂಬ ಚೆನ್ನಾಗಿದೆ ಅಣ್ಣ” ಎಂದಳು. ಭಾವ ಒಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕುಳಿತರು.

“ಯಾವ ತರ ಚೆನ್ನಾಗೈತೆ?”

“ಅಂದ್ರೆ... ಚೆನ್ನಾಗಿದೆ.”

“ಮಲ್ಲಿಗೆ ಹೂವೂ ಚೆನ್ನಾಗಿರ್ತದೆ, ಮೆಟ್ರೋ ರೈಲೂ ಚೆನ್ನಾಗಿರ್ತದೆ. ಇದು ಯಾವ ತರ, ಬಿಡಿಸಿ ಯೇಳವ್ವ.”

“ಸೂಪರಾಗಿದೆ ಅಣ್ಣ.”

ಭಾವ ಸ್ಟೂಲು ಎತ್ತಿಕೊಂಡು ಒಳಗೆ ಹೋದರು. ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿ ಅಲ್ಲಾಡದೆ ನಿಂತಿತ್ತು. ನನ್ನ ಹೆಂಡತಿಗೆ ಮಾತಾಡಲು ಬೇಕಾದಷ್ಟು ಸಮಯ ಸಿಕ್ಕಿತು. “ನಾನು ಕೊನೇ ಸಲ ಪರೀಕ್ಷೆ ಬರೆದಿದ್ದು ಡಿಗ್ರಿಲಿ. ಊಟಕ್ಕೆಲ್ಲ ವೈವಾ ಕೊಡೋಕೆ ನನ್ನ ಕೈಲಿ ಆಗಲ್ಲ, ನೀವೇ ಹೋಗಿ ಬನ್ನಿ” ಎಂದಳು. ಅಂದಿನಿಂದ ಅವಳ ಜಾಗದಲ್ಲಿ ನಮ್ಮ ಆರ್.ಟಿ. ನಗರದ ಪಕ್ಕದ ಮನೆಯ ನಯಾಜ್ ಭಾಯ್ ಬರುತ್ತಾರೆ. ಅವರಿಗೆ ಮೇನ್ ರೋಡಿನಲ್ಲಿ ಸ್ಕೂಟರಿನ ಬಿಡಿಭಾಗಗಳ ಅಂಗಡಿ ಇದೆ, ಮತ್ತು ಮಾತಿಗೆ ಯಾವತ್ತೂ ಬರ ಬಂದದ್ದಿಲ್ಲ.

ಇಂಥ ಮನುಷ್ಯ ಆ ದೂರದ ದೇಶಕ್ಕೆ ಹೋದದ್ದಾದರೂ ಹೇಗೆ? ಸಾರು ಮಾಡುವುದಕ್ಕೆ! ಭಾವ ಯಶವಂತಪುರದ ಒಂದು ಹೋಟೆಲಿನಲ್ಲಿ ಭಟ್ಟರೊಬ್ಬರ ಕೈಕೆಳಗೆ ಅಡುಗೆ ಕಲಿತವರು. ಗಾಳಿಯಂತ್ರಗಳನ್ನು ಸ್ಥಾಪಿಸುವ ಒಂದು ಕಂಪನಿ ನಮ್ಮ ಎಂಜಿನಿಯರುಗಳನ್ನು ವಹಾಕಾದ ಬಯಲಿಗೆ ಕಳಿಸಿತು. ಆ ಎಂಜಿನಿಯರುಗಳು ಹೋದ ಕೆಲವೇ ದಿನಗಳಲ್ಲಿ ಅನ್ನ ಸಾರು ಇಲ್ಲದೆ ಬಾಡಿಹೋದರು. ಯಂತ್ರ ತಿರುಗಬೇಕಾದರೆ ಎಂಜಿನಿಯರು ತಿರುಗಬೇಕು, ಎಂಜಿನಿಯರು ತಿರುಗಬೇಕಾದರೆ ಸಾರು ಬೇಕು. ಹಾಗಾಗಿ ಸಾರಿನಪುಡಿಯ ಮೂಟೆಯ ಸಮೇತ ಭಾವನನ್ನು ವಿಮಾನ ಹತ್ತಿಸಿದರು.

ಅಲ್ಲಿ ಭಾವ ಹಗಲು ಹೊತ್ತು ನಮ್ಮವರಿಗೆ ಹುಳಿ, ಪಲ್ಯ ಮಾಡಿಹಾಕಿದರು. ಬಿಡುವಾದಾಗ ಪಕ್ಕದ ಮನೆಯ ಒಬ್ಬ ವಿಧವೆ ಅಜ್ಜಿಯ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅದರಿಂದ ಏನೂ ತೊಂದರೆಯಾಗಲಿಲ್ಲವಂತೆ. ಅಜ್ಜಿ ಬೈದರೆ ಇವರಿಗೆ ಅರ್ಥವಾಗುತ್ತಿತ್ತು, ಅಷ್ಟು ಸಾಕು.

ವಾಪಸು ಬರುವಾಗ ಭಾವ ತಂದದ್ದು ಮೂರು ಕಾಲಿನ ಒಂದು ಇಳಿಜಾರು ರುಬ್ಬುವ ಕಲ್ಲು. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿ ನೋಡಿದ ಅಧಿಕಾರಿ, “ಸ್ವಾಮಿ, ನಮ್ಮೂರಲ್ಲಿ ಜನ ಒರಳುಕಲ್ಲನ್ನ ಎತ್ತಿ ರೋಡಿಗೆ ಹಾಕ್ತಿದಾರೆ. ನೀವು ದುಡ್ಡು ಕೊಟ್ಟು ವಿಮಾನದಲ್ಲಿ ತಂದಿದೀರಲ್ಲ” ಎಂದು ಕೈಮುಗಿದು ಬಿಟ್ಟುಕಳಿಸಿದನಂತೆ. ಅಕ್ಕನೂ ಅದನ್ನೇ ಸ್ವಲ್ಪ ಬೇರೆ ರೀತಿ ಹೇಳಿದಳು. “ಎಲ್ಲರ ಮನೆಯವರೂ ಫಾರಿನ್ನಿಂದ ಸೆಂಟು ತರ್ತಾರೆ. ನಮ್ಮ ಮನೆಯವರು ಕಲ್ಲು ತಂದಿದಾರೆ.”

ಆ ಕಲ್ಲಿನ ಮೇಲೆ ಅರೆಯಬೇಕಾದದ್ದು ಮುಸುಕಿನ ಜೋಳ. ಸುಮ್ಮನೆ ಅರೆಯುವಂತಿಲ್ಲ, ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯೆಲ್ಲ ನೆನೆಸಿಡಬೇಕು. ಇಲ್ಲದಿದ್ದರೆ ರೊಟ್ಟಿ ಒಡೆದುಹೋಗುತ್ತದೆ. ಜೋಳ ದೊಡ್ಡಬಳ್ಳಾಪುರದ ಕಡೆಯಿಂದ ಬರುತ್ತದೆ. ಸುಣ್ಣಕ್ಕೆ ಭಾವ ಹೋಗುವುದು ತಿರುವಿನ ಬೀಡಾ ಅಂಗಡಿಗೆ.

“ಎಲೆ ಎಷ್ಟು ಕೊಡ್ಲಿ?” ಎಂದು ಮೊದಲ ದಿನ ಅಂಗಡಿಯವನು ಕೇಳಿದ.

“ಎಲೆ ಬ್ಯಾಡ.”

“ಅಡಿಕೆ?”

“ಅದೂ ಬ್ಯಾಡ. ಬರೀ ಸುಣ್ಣ ಕೊಡು, ಒಂದು ಡಬ್ಬ.”

“ಮನೆಗೆ ಬಳಿಯೋಕಾದ್ರೆ ಪೇಂಟಂಗಡಿಗೆ ಹೋಗಿ ಗೌಡ್ರೇ.”

“ತಿನ್ನಾಕೆ ಕಣಯ್ಯಾ.”

ಅಂಗಡಿಯವನು ಅಂದು ಸಂಜೆಯೇ ಅಕ್ಕನನ್ನು ನಿಲ್ಲಿಸಿ, “ಮನೇಲಿ ಎಲ್ಲಾ ಸರಿಯಾಗಿದೆ ತಾನೆ?” ಎಂದು ವಿಚಾರಿಸಿದ್ದ. ಈಗ ಅವನೂ ಒಂದು ಸಲ ಆ ರೊಟ್ಟಿ ತಿಂದು ಹೋಗಿದ್ದಾನೆ. ಹೇಗಿದೆ ಎಂದು ಕೇಳಿದ್ದಕ್ಕೆ, “ಸುಣ್ಣ ಸ್ವಲ್ಪ ಕಮ್ಮಿ” ಎಂದನಂತೆ. ಅವನಿಗೆ ಆ ಮನೆಯಲ್ಲಿ ಖಾಯಂ ಕರೆ.

ಇಷ್ಟಾದರೂ ಭಾವನ ಜೀವ ಇರುವುದು ರೊಟ್ಟಿಯಲ್ಲಲ್ಲ, ಅದರ ಜೊತೆಗೆ ಬಡಿಸುವ ಕಪ್ಪು ಗೊಜ್ಜಿನಲ್ಲಿ. ಕೂಸು ಹಾಲು ಕುಡಿಯುವ ಅಂಗದ ಹೆಸರಿನಂತೆಯೇ ಕೇಳಿಸುವ ಅದರ ನಿಜವಾದ ಹೆಸರನ್ನು ಕನ್ನಡದ ಮನೆಯೊಳಗೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳುವುದು ಕಷ್ಟ. ಮೊದಲ ದಿನವೇ ಅಕ್ಕ ಅದಕ್ಕೆ ‘ಕರೀ ಸಾರು’ ಎಂದು ನಾಮಕರಣ ಮಾಡಿ ಮನೆಯ ಮರ್ಯಾದೆ ಉಳಿಸಿದಳು. ಅದಕ್ಕೆ ಮೂವತ್ತು ಚಿಲ್ಲರೆ ಸಾಮಾನು. ಬ್ಯಾಡಗಿ ಮೆಣಸಿನಕಾಯಿ ಕಪ್ಪಗಾಗುವವರೆಗೆ ಹುರಿಯಬೇಕು. ಕಡಲೆಕಾಯಿ, ಎಳ್ಳು, ಒಣದ್ರಾಕ್ಷಿ, ಬಾಳೆಹಣ್ಣು, ಚಕ್ಕೆ, ಲವಂಗ, ಸುಟ್ಟ ರೊಟ್ಟಿ, ಕೊನೆಗೆ ಚಾಕೊಲೇಟು. ಎಲ್ಲ ಅರೆದು, ಎರಡು ದಿನ ತಿರುವಿ ತಿರುವಿ ಕುದಿಸಿ, ಬೆಂದ ನಾಟಿ ಕೋಳಿಯ ಮೇಲೆ ಸುರಿಯಬೇಕು. ಮೆಣಸಿನಕಾಯಿ ಹುರಿಯುವ ದಿನ ಎದುರಿನ ಅಪಾರ್ಟ್‌ಮೆಂಟಿನವರು ಕಿಟಕಿ ಮುಚ್ಚಿಕೊಂಡು ಫೋನ್ ಮಾಡುತ್ತಾರೆ. “ಏನೋ ಸುಡ್ತಾ ಇದೆ ಅನ್ಸುತ್ತೆ, ನೋಡಿ.” ಭಾವ, “ಸುಡ್ತಾ ಇರೋನು ನಾನೇ, ಮಡಗಿ” ಎನ್ನುತ್ತಾರೆ.

ಅಜ್ಜಿ ಅವರಿಗೆ ಕೈಸನ್ನೆಯಲ್ಲೇ ಹೇಳಿಕೊಟ್ಟ ಸೂತ್ರ ಒಂದೇ. ಈ ಸಾರಿನಲ್ಲಿ ಯಾವ ಸಾಮಾನೂ ತಾನಿದ್ದೇನೆ ಎಂದು ಕೈ ಎತ್ತಬಾರದು. ತಿಂದವನಿಗೆ ಲವಂಗ ಸಿಕ್ಕಿತೋ, ಸಾರು ಕೆಟ್ಟಿತು. ಚಾಕೊಲೇಟು ಸಿಕ್ಕಿತೋ, ಕೆಟ್ಟಿತು. ಎಲ್ಲವೂ ತಮ್ಮ ಹೆಸರು ಮರೆತು ಕೂತಾಗ ಮಾತ್ರ ಅದು ಸಾರು. ಭಾವ ಹೊರಡುವ ಹಿಂದಿನ ದಿನ ಮಾಡಿದ ಸಾರನ್ನು ಅಜ್ಜಿ ಬೆರಳಲ್ಲಿ ಅದ್ದಿ ನೆಕ್ಕಿ, ಒಂದು ಕೈ ಮೇಲೆತ್ತಿ ತೋರಿಸಿದಳಂತೆ. ಅಂದರೆ ಇನ್ನೂ ಒಂದು ಸಾಮಾನು ಕೈ ಎತ್ತುತ್ತಿದೆ, ನೀನು ಪಾಸಾಗಿಲ್ಲ. ಯಾವ ಸಾಮಾನು ಎಂದು ಹೇಳಲಿಲ್ಲ. ಭಾವ ಊರಿಗೆ ಬಂದ ವರ್ಷವೇ ಪ್ರಪಂಚಕ್ಕೆಲ್ಲ ಆ ಜ್ವರ ಬಂತು. ಅಜ್ಜಿ ಅಲ್ಲಿ ಅದರಲ್ಲೇ ಹೋದಳು. ಭಾವ ಇಲ್ಲಿ ಅದೇ ಜ್ವರದಲ್ಲಿ ಮಲಗಿ, ಬಡಕಲಾಗಿ ಎದ್ದರು. ಎದ್ದವರು ಮಾಡಿದ ಮೊದಲ ಕೆಲಸ ಆ ಮೇಜನ್ನು ತರಿಸಿ ಹಾಲಿನಲ್ಲಿ ಹಾಕಿಸಿದ್ದು.

ಅಂದಿನಿಂದ ಪ್ರತಿ ಭಾನುವಾರ ಅವರಿಗೆ ಬೇಕಾಗಿರುವುದು ಒಂದೇ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೂ ಒಂದು ಸಾಮಾನಿನ ಹೆಸರೂ ಸಿಗಬಾರದು. ಬಡಿಸಿ, ಸ್ಟೂಲು ಹಾಕಿಕೊಂಡು, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂರುತ್ತಾರೆ. ಫೋನ್ ತೆಗೆಯುವ ಹಾಗಿಲ್ಲ. ಮೊದಲ ತುತ್ತು ಗಂಟಲಿಳಿದ ಕೂಡಲೇ ಪ್ರಶ್ನೆ.

“ಎಂಗೈತೆ?”

ಒಮ್ಮೆ ಯಲಹಂಕದಿಂದ ಬಂದಿದ್ದ ವಾಯುಸೇನೆಯ ನಿವೃತ್ತ ಅಧಿಕಾರಿಯೊಬ್ಬರು ಶಿಸ್ತಾಗಿ ಕಣ್ಣು ಮುಚ್ಚಿ, ಅಗಿದು, “ಲವಂಗ” ಎಂದರು. ಭಾವನ ಮುಖ ಅಲ್ಲೇ ಇಳಿಯಿತು. ಪಾಪ, ಅವರು ಪ್ರಶ್ನೆಗೆ ಉತ್ತರ ಗೊತ್ತಿದೆ ಎಂದು ಹೇಳಿದ್ದರು, ಅಷ್ಟೇ. ಆ ದಿನ ಸಿಹಿಯನ್ನೂ ಬಡಿಸದೆ ಭಾವ ಒಳಗೆ ಕೂತುಬಿಟ್ಟದ್ದನ್ನು ನೋಡಿ, ಅಧಿಕಾರಿ ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ, “ನಾನು ಹೇಳಬಾರದಿತ್ತಾ?” ಎಂದು ಕೇಳಿದರು.

ನಯಾಜ್ ಭಾಯ್‌ದು ಬೇರೆ ದಾರಿ. “ಅಣ್ಣಾ, ಮೊದ್ಲು ಸಿಹಿ ಬಂತು, ಮುಂದಿನ ಬಾಗಿಲಿಂದ, ಸಲಾಂ ಹೇಳ್ತು, ಕೂತ್ಕೊಂತು. ಖಾರ ಹಿಂದಿನ ಬಾಗಿಲಿಂದ ಬಂತು, ಚಪ್ಲಿ ಬಿಡದೇನೇ. ಇಬ್ರೂ ಜಗಳ ಆಡ್ತಾರೆ ಅಂತ ನಾನು ನೋಡ್ತಾ ಇದೀನಿ, ಇಲ್ಲ, ಚಾ ಕುಡೀತಾ ಕೂತವ್ರೆ.” ಭಾವ ಇದನ್ನು ಕಣ್ಣು ಮುಚ್ಚಿ ಕೇಳಿ, ಎರಡೆರಡು ಸಲ ಹೇಳಿಸಿ, ಅವರ ತಟ್ಟೆಗೆ ಕೋಳಿಯ ಕಾಲನ್ನು ಹುಡುಕಿ ಹಾಕಿದರು. ನನ್ನ ತಟ್ಟೆಗೆ ಬಿದ್ದದ್ದು ಕುತ್ತಿಗೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಆ ಮನೆಯಲ್ಲಿ ಸುಣ್ಣಕ್ಕಂತೂ ಕೊರತೆಯಿಲ್ಲ.

ಅಷ್ಟು ಕೇಳುವ ಮನುಷ್ಯ ತಾನೇ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ನೋಡಬಾರದೇ? ನೋಡುವುದಿಲ್ಲ! ಅಡುಗೆ ಮಾಡುವಾಗ ರುಚಿ ನೋಡುವುದು ಅವರ ಮನೆಯಲ್ಲಿ ನಿಷಿದ್ಧ. “ನಮ್ಮ ಭಟ್ರು ಯೇಳವ್ರೆ. ತಿನ್ನೋನಿಗಿಂತ ಮುಂಚೆ ಮಾಡೋನು ನಾಲಿಗೆ ತಾಗಿಸಿದ್ರೆ ಅದು ಎಂಜಲು.” ಯಶವಂತಪುರದ ಮಡಿ ಮೆಕ್ಸಿಕೋದ ಕೋಳಿಗೆ ಅಂಟಿಕೊಂಡಿದೆ ಎಂದು ನಾವೆಲ್ಲ ನಕ್ಕಿದ್ದೆವು. ಅತಿಥಿಗಳು ಹೋದ ಮೇಲೂ ಆ ಸಾರನ್ನು ಅವರು ತಿನ್ನುವುದಿಲ್ಲ. ಮೊಸರನ್ನ ಕಲಸಿಕೊಂಡು, ಖಾರವಾದ ನಿಂಬೆ ಉಪ್ಪಿನಕಾಯಿ ನೆಂಚಿಕೊಂಡು ಏಳುತ್ತಾರೆ. ಒಮ್ಮೆ ನಾನು ಹೋದಾಗ ಒಲೆಯ ಮೇಲೆ ಹಾಲು ಉಕ್ಕಿ, ತಳ ಹತ್ತಿ, ಮನೆಯೆಲ್ಲ ಸೀದ ವಾಸನೆ. ಭಾವ ಎರಡು ಮಾರು ದೂರದಲ್ಲಿ ನೆಮ್ಮದಿಯಾಗಿ ಪೇಪರ್ ಓದುತ್ತಿದ್ದರು. ಸಾರಿನ ಧ್ಯಾನದಲ್ಲಿ ಲೋಕ ಮರೆತಿದ್ದಾರೆ ಎಂದುಕೊಂಡು ನಾನೇ ಹೋಗಿ ಗ್ಯಾಸ್ ಆರಿಸಿದೆ.

ಅಕ್ಕನಿಗೂ ಒಂದು ಅಭ್ಯಾಸವಿತ್ತು. ಬಡಿಸುವ ಮುಂಚೆ ಒಂದು ಸ್ಟೀಲು ಲೋಟ ಹಿಡಿದು ಹಿಂದಿನ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಹೋಗಿ ಒಬ್ಬಳೇ ನಿಂತು ಕುಡಿದು ಬರುವಳು. ಬಂದು ಭಾವನ ಪಕ್ಕ ಸ್ವಲ್ಪ ಹೊತ್ತು ಪಿಸುಗುಟ್ಟಿ, ಆಮೇಲೆ, “ಹೂಂ, ಬಡಿಸಬಹುದು” ಎನ್ನುವಳು. ಕಾಫಿ ಕುಡಿಯದೆ ಅವಳಿಗೆ ಕೈಕಾಲು ಆಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ಒಂದು ದಿನವಾದರೂ ತಮ್ಮನಿಗೆ ‘ನಿನಗೂ ಕಾಫಿ ಬೇಕೇನೋ’ ಎಂದು ಕೇಳಲಿಲ್ಲವಲ್ಲ ಎಂದು ಒಳಗೊಳಗೇ ಬೇಜಾರೂ ಆಗಿತ್ತು.

ಈಗ ನಮ್ಮ ಕಡೆಯ ಅಡುಗೆಮನೆಗಳ ಒಂದು ಸಂಪ್ರದಾಯ ಹೇಳಬೇಕು. ಯಾವ ಡಬ್ಬದ ಮೇಲೆ ಏನು ಬರೆದಿದೆಯೋ ಅದು ಅದರೊಳಗೆ ಇರುವುದಿಲ್ಲ. ಐಸ್‌ಕ್ರೀಮಿನ ಡಬ್ಬದಲ್ಲಿ ಉದ್ದಿನಬೇಳೆ, ಕಾಫಿಪುಡಿಯ ಬಾಟಲಿಯಲ್ಲಿ ಜೀರಿಗೆ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ ದಾರ. ಹೊಸಬರಿಗೆ ತಲೆ ಕೆಡುತ್ತದೆ. ಮನೆಯವರಿಗೆ ಏನೂ ತೊಂದರೆಯಿಲ್ಲ, ಮುಚ್ಚಳ ತೆಗೆದರೆ ಮೂಗಿಗೆ ಗೊತ್ತಾಗುತ್ತದೆ. ಭಾವ ವಹಾಕಾದಿಂದ ಬಂದ ಮೇಲೆ ತಮ್ಮ ಸಾಮಾನಿನ ಬಾಟಲಿಗಳಿಗೆಲ್ಲ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು. ಅಕ್ಕ ಆ ಚೀಟಿಗಳಿಗೆ ಮರ್ಯಾದೆ ಕೊಟ್ಟಳು. ಆದರೆ ಖಾಲಿಯಾದ ಬಾಟಲಿಯನ್ನು ಸುಮ್ಮನೆ ಕೂರಿಸುವ ಹೆಂಗಸು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ‘ಎಳ್ಳು’ ಎಂದು ಬರೆದಿದ್ದ ಬಾಟಲಿಯಲ್ಲಿ ಹುರಿದ ಎಳ್ಳಿನ ಪುಡಿ ಮುಗಿದಾಗ, ಉಪ್ಪಿನಕಾಯಿಗೆಂದು ತರಿಸಿದ್ದ ಇಂಗಿನ ಪುಡಿಯನ್ನು ಅದಕ್ಕೆ ತುಂಬಿಟ್ಟಳು.

ಆ ಭಾನುವಾರ ಅಕ್ಕ ಯಲಹಂಕದಲ್ಲಿ ಒಂದು ನಾಮಕರಣಕ್ಕೆ ಹೋಗಬೇಕಾಗಿತ್ತು. ಹಿಂದಿನ ದಿನವೇ ನನಗೆ ಫೋನ್ ಮಾಡಿ, “ಸಾರು ಆಗಿದೆ. ಇನ್ನು ಮುಟ್ಟಬೇಡಿ ಅಂತ ಇವರಿಗೆ ಹೇಳಿದೀನಿ. ನೀನು ಬಂದು ಬಡಿಸೋಕೆ ನಿಂತ್ಕೋ” ಎಂದಿದ್ದಳು. ಮುಟ್ಟಬೇಡಿ ಎಂದರೆ ಮುಟ್ಟದಿರಲು ಭಾವ ಏನು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರೇ? ಬೆಳಗ್ಗೆ ಸಾರು ಸ್ವಲ್ಪ ತೆಳುವಾಗಿದೆ ಎಂದು ಅವರ ಕಣ್ಣಿಗೆ ಕಂಡಿದೆ. ಗಟ್ಟಿಯಾಗಲಿ ಎಂದು ‘ಎಳ್ಳು’ ಬಾಟಲಿ ತೆಗೆದು, ಧಾರಾಳವಾಗಿ ಎರಡು ಸೌಟು ಹಾಕಿ, ತಿರುವಿದ್ದಾರೆ.

ನಾನು ಮತ್ತು ನಯಾಜ್ ಭಾಯ್ ಗೇಟು ತೆಗೆಯುವಾಗಲೇ ಇಂಗು ಬಂದು ನಮ್ಮನ್ನು ಎದುರುಗೊಂಡಿತು. ಮೆಟ್ಟಿಲು ಹತ್ತುತ್ತಿದ್ದಂತೆ ಇನ್ನೂ ಆತ್ಮೀಯವಾಯಿತು. “ಇವತ್ತು ಬಿಸಿಬೇಳೆಬಾತಾ?” ಎಂದು ನಯಾಜ್ ಭಾಯ್ ಪಿಸುಗುಟ್ಟಿದರು. ಒಳಗೆ ಭಾವ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ನಿಂತಿದ್ದರು. ಹೊಸ ಪ್ರಯೋಗ ಇರಬೇಕು ಎಂದುಕೊಂಡೆ. ಕೇಳಲು ನನಗೇನು ಹುಚ್ಚೇ?

ಆ ದಿನ ಮೇಜಿಗೆ ಬಂದವರು ಲವಂಗದ ಅಧಿಕಾರಿ, ಜಕ್ಕೂರಿನ ಅಪಾರ್ಟ್‌ಮೆಂಟಿನಿಂದ ಒಂದು ಎಳೆಯ ಜೋಡಿ, ನಯಾಜ್ ಭಾಯ್. ನಾನು ಬಡಿಸಿ, ನನಗೂ ಹಾಕಿಕೊಂಡು ಕುಳಿತೆ. ಕರ್ರಗೆ ಹೊಳೆಯುವ ಸಾರು, ಅದರ ಮೇಲೆ ಚಿಮುಕಿಸಿದ ಬಿಳಿ ಎಳ್ಳು, ಬಿಸಿ ರೊಟ್ಟಿ. ನೋಡಲು ದೇವರ ಹಾಗಿತ್ತು. ಬಾಯಿಗಿಟ್ಟರೆ ಇಂಗು. ಹಿಂದೆ ಇಂಗು, ಮುಂದೆ ಇಂಗು. ಕೋಳಿಯ ಮೂಳೆಯೊಳಗೂ ಇಂಗು. ಉಳಿದ ಮೂವತ್ತು ಸಾಮಾನುಗಳು ಎದ್ದು ಮನೆ ಖಾಲಿ ಮಾಡಿ ಹೋಗಿದ್ದವು.

ಭಾವ ಸ್ಟೂಲು ಎಳೆದುಕೊಂಡರು.

“ಎಂಗೈತೆ?”

ಅಧಿಕಾರಿ ಫ್ಯಾನು ನೋಡಿದರು. ಒಮ್ಮೆ ಹೆಸರು ಹೇಳಿ ಒಬ್ಬರ ಭಾನುವಾರ ಹಾಳು ಮಾಡಿದ ಮನುಷ್ಯನಿಗೆ ಇನ್ನೊಮ್ಮೆ ಹಾಗೆ ಮಾಡಲು ಮನಸ್ಸಿರಲಿಲ್ಲ. “ಇಲ್ಲ, ಏನೂ... ಗೊತ್ತಾಗ್ತಿಲ್ಲ” ಎಂದರು. ಜಕ್ಕೂರಿನ ಹುಡುಗಿ, “ತುಂಬಾ... ಮನೆ ಊಟದ ಥರ ಇದೆ ಅಂಕಲ್” ಎಂದಳು. ಅವಳ ಗಂಡ ನೀರು ಕುಡಿದ. ಭಾವ ನಯಾಜ್ ಭಾಯ್ ಕಡೆ ತಿರುಗಿದರು.

“ಅಣ್ಣಾ, ಎಲ್ಲಾ ಒಂದೇ ಆಗ್ಬಿಟ್ಟಿದೆ” ಎಂದರು ನಯಾಜ್ ಭಾಯ್. ಅದು ಸುಳ್ಳಲ್ಲ.

“ಒಂದು, ಯಾವ್ದಾರಾ ಒಂದು ಸಾಮಾನಿನ ಎಸ್ರು ಯೇಳಿ.”

ಯಾರೂ ಹೇಳಲಿಲ್ಲ. ಭಾವ ಒಬ್ಬೊಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡಿದರು. ಅವರ ಕಣ್ಣು ತುಂಬಿಕೊಂಡಿತು. ಎದ್ದುಹೋಗಿ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದರು. ಇಂಗಿನ ಹಬೆ ಮೇಲಕ್ಕೆ ಎದ್ದಿತು, ನಮಗೆ ಕೂತಲ್ಲೇ ಕಣ್ಣು ಚುರುಗುಟ್ಟಿತು. ಭಾವ ಪಾತ್ರೆಯ ಮೇಲೆ ಬಾಗಿ, ಮುಖವನ್ನೇ ಹಬೆಯಲ್ಲಿ ಇಟ್ಟು, ಎದೆ ತುಂಬ ಉಸಿರೆಳೆದುಕೊಂಡರು.

“ನೋಡು ಬಾಮೈದ” ಎಂದರು ನನಗೆ. “ಇವತ್ತು ಒಂದೂ ಕೈ ಎತ್ತಿಲ್ಲ. ಅಜ್ಜಿ ಇದ್ದಿದ್ರೆ ಒಪ್ಕೊಂತಿದ್ಲು.”

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಸೀದ ಹಾಲು, ಮೊಸರನ್ನ ಉಪ್ಪಿನಕಾಯಿ, ಎಂಜಲಿನ ಮಡಿ, ಅಕ್ಕನ ಲೋಟ, ಎಲ್ಲವೂ ಒಟ್ಟಿಗೆ ತಲೆಗೆ ಹೊಕ್ಕವು. ನಯಾಜ್ ಭಾಯ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ತಟ್ಟೆ ಮುಂದೆ ಮಾಡಿ, “ಅಣ್ಣಾ, ಇನ್ನೊಂದು ಸ್ವಲ್ಪ” ಎಂದರು. ಅಧಿಕಾರಿಯೂ ತಟ್ಟೆ ಮುಂದೆ ಮಾಡಿದರು. ಜಕ್ಕೂರಿನ ಜೋಡಿಗೆ ಏನು ಅರ್ಥವಾಯಿತೋ, ಅವರೂ ಹಾಕಿಸಿಕೊಂಡರು. ಅಷ್ಟು ಇಂಗನ್ನು ಅಷ್ಟು ಮರ್ಯಾದೆಯಿಂದ ತಿಂದ ಪಂಕ್ತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕ ಬಂದಳು. ಗೇಟಿನಲ್ಲೇ ಮೂಗು ಅರಳಿಸಿ ನಿಂತದ್ದನ್ನು ಮೇಲಿನಿಂದ ನೋಡಿದೆ. ಬಂದವಳು ಏನೂ ಕೇಳದೆ ಲೋಟಕ್ಕೆ ಸ್ವಲ್ಪ ಸಾರು ಹಾಕಿಕೊಂಡು ಹಿಂದಿನ ಕಟ್ಟೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

“ಯಾವಾಗಿಂದ ಅಕ್ಕ?”

“ಆ ಜ್ವರದಿಂದ. ಎಲ್ಲರಿಗೂ ವಾಸನೆ ವಾಪಸ್ ಬಂತು, ಇವರಿಗೆ ಬರಲಿಲ್ಲ. ಉಪ್ಪು, ಹುಳಿ, ಖಾರ, ಸಿಹಿ ಗೊತ್ತಾಗತ್ತೆ. ಅಷ್ಟೇ. ಯಾರಿಗೂ ಹೇಳಬೇಡ ಅಂದ್ರು. ಮೂಗಿಲ್ಲದ ಅಡುಗೆಯೋನ ಮನೆಗೆ ಯಾರೇ ಬರ್ತಾರೆ ಅಂದ್ರು.” ಅವಳು ಲೋಟದಲ್ಲಿದ್ದದ್ದನ್ನು ಕುಡಿದು ಮುಖ ಕಿವುಚಿದಳು. “ಅಯ್ಯೋ, ಬಾಟಲಿ.”

“ಅವರು ಪಾಸಾಯ್ತು ಅಂದ್ಕೊಂಡಿದಾರೆ. ಚೆನ್ನಾಗಿದೆ ಅಂದ್ಬಿಡಕ್ಕ. ಇದೊಂದು ಸಲ.”

ಅಕ್ಕ ಲೋಟವನ್ನು ತೊಳೆಯುತ್ತ ನಿಂತಳು. “ಒಂದ್ ಸಲ ಸುಳ್ಳು ಹೇಳಿದ್ರೆ ಆಮೇಲೆ ನಾನು ಹೇಳಿದ್ದನ್ನ ಹೇಗೋ ನಂಬ್ತಾರೆ? ಅವರಿಗೆ ಇರೋ ನಾಲಿಗೆ ಇದೊಂದೇ ಕಣೋ” ಎಂದಳು.

ಒಳಗೆ ಭಾವ ಸ್ಟೂಲಿನ ಮೇಲೆ ಕಾಯುತ್ತಿದ್ದರು. “ಎಂಗೈತೆ?” ಎಂದರು, ಮದುವೆಗೆ ಹೊರಟವರ ಮುಖದಲ್ಲಿ.

“ಇಂಗು ಹಾಕ್ಬಿಟ್ಟಿದೀರಿ ಕಣ್ರೀ. ಎಳ್ಳಿನ ಬಾಟಲಿಗೆ ಇಂಗು ತುಂಬಿದ್ದೆ. ತಪ್ಪು ನನ್ನದೇ.”

ಭಾವ ಎದ್ದುಹೋಗಿ ಆ ಬಾಟಲಿ ತಂದು, ಮುಚ್ಚಳ ತೆಗೆದು, ಮೂಗಿಗೆ ಹಿಡಿದು, ಮತ್ತೆ ಮುಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ನೋಡಿದರು.

“ಎಲ್ರಿಗೂ ಗೊತ್ತಾಗಿತ್ತಾ?”

“ಹೂಂ ಭಾವ.”

“ಆದ್ರೂ ತಿಂದ್ರಾ?”

“ಎರಡೆರಡು ಸಲ ಹಾಕಿಸ್ಕೊಂಡ್ರು.”

ಅವರು ಖಾಲಿ ತಟ್ಟೆಗಳನ್ನು ಒಂದೊಂದಾಗಿ ನೋಡಿದರು. ನಗುತ್ತಾರೋ ಅಳುತ್ತಾರೋ ತಿಳಿಯದೆ ನಾನು ನಿಂತಿದ್ದೆ. ಕೊನೆಗೆ ಸ್ಟೂಲನ್ನು ನನ್ನ ಎದುರಿಗೆ ಎಳೆದುಕೊಂಡರು.

“ಇಂಗು ಎಂಗಿರ್ತದೆ? ಯೇಳು. ನಂಗೆ ಮರ್ತೇ ಓಗೈತೆ.”

“ಇಂಗು... ಇಂಗಿನ ಥರ ಇರುತ್ತೆ ಭಾವ.”

“ಅದು ‘ಚೆನ್ನಾಗೈತೆ’ ಅಂದಂಗೇ ಆಯ್ತು. ಬಿಡಿಸಿ ಯೇಳು.”

ಇಷ್ಟು ವರ್ಷ ಕುತ್ತಿಗೆಯ ತುಂಡು ತಿಂದುಕೊಂಡು, ಬಾಯಿ ಮುಚ್ಚಿಕೊಂಡು, ನಗಲು ಮಾತ್ರ ಆ ಮನೆಗೆ ಹೋಗುತ್ತಿದ್ದವನು ನಾನು. ಆದರೂ ಹೇಳಿದೆ. “ಮೊದಲು ಕೆಟ್ಟದಾಗಿರುತ್ತೆ ಭಾವ. ಹಳೇ ಬೂಟು ಬಿಚ್ಚಿದ ಹಾಗೆ. ಬಿಸಿ ಎಣ್ಣೆಗೆ ಬಿದ್ದ ತಕ್ಷಣ ಅದೇ ಒಳ್ಳೇದಾಗುತ್ತೆ, ಬೈತಾ ಬಂದೋರು ಕೂತು ಊಟ ಮಾಡಿದ ಹಾಗೆ. ನೀವು ಅಕ್ಕನ್ನ ನೋಡೋಕೆ ಆರ್.ಟಿ. ನಗರಕ್ಕೆ ಬಂದಿದ್ರಲ್ಲ, ಬಿಸಿಲು, ಅವತ್ತು ಮಜ್ಜಿಗೆ ಕೊಟ್ಟಿದ್ವಿ. ಒಗ್ಗರಣೇಲಿ ಇಂಗು ಜಾಸ್ತಿ ಬಿದ್ದುಹೋಗಿತ್ತು. ಅಮ್ಮ ಒಳಗೆ ತಲೆ ಚಚ್ಕೊಂತಿದ್ರು, ಹುಡುಗಿ ಕೈಲಿ ಇಂಗು ಕೊಟ್ಟಿದ್ದೇ ತಪ್ಪಾಯ್ತು ಅಂತ. ಲೋಟ ಬಾಯಿಗೆ ತರೋ ಮುಂಚೆನೇ ಗೊತ್ತಾಗ್ತಿತ್ತು, ಅಷ್ಟು. ನೀವು ಏನೂ ಹೇಳದೆ ಎರಡು ಲೋಟ ಕುಡಿದ್ರಿ.”

“ಮೂರು” ಎಂದಳು ಅಕ್ಕ ಬಾಗಿಲಲ್ಲಿ ನಿಂತು.

ಭಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹಾಗೇ ಎದ್ದು, ಒಲೆಯ ಹತ್ತಿರ ಹೋಗಿ, ತಳದಲ್ಲಿ ಉಳಿದಿದ್ದ ಸಾರಿನ ಮೇಲೆ ಮತ್ತೊಮ್ಮೆ ಬಾಗಿ, ನಿಧಾನವಾಗಿ ಉಸಿರೆಳೆದುಕೊಂಡರು. ಅಕ್ಕನೂ ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆವು.

“ಹೂಂ” ಎಂದರು ಭಾವ. “ಕೈ ಎತ್ತೈತೆ.”